ದುಡ್ಡಿನ ಆಟ ನಡೆಯುವುದು ಪ್ರೈಮರಿಯಲ್ಲಿ

ಅಮೆರಿಕದ ಚುನಾವಣೆಗಳಲ್ಲಿ ದುಡ್ಡಿನ ಪಾತ್ರದ ಬಗ್ಗೆ ಒಂದು ಲೇಖನ ಓದಿದೆ. ‘ಅಮೆರಿಕದಲ್ಲಿ ಜಾಸ್ತಿ ಖರ್ಚು ಮಾಡಿದವರೇ ಗೆಲ್ಲುತ್ತಾರೆ’ ಅಂತ ಅದರ ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಶ್ರೀಮಂತ ಉದ್ಯಮಿ ಮೈಕಲ್ ಬ್ಲೂಮ್‌ಬರ್ಗ್ ಸ್ವಂತ ಜೇಬಿನಿಂದ ಸುಮಾರು 100 ಕೋಟಿ ಡಾಲರ್ ಸುರಿದರು. ಗೆದ್ದದ್ದು ಅಮೆರಿಕನ್ ಸಮೋವಾ ಒಂದನ್ನೇ, ಅದೂ ಪೆಸಿಫಿಕ್‌ನ ಪುಟ್ಟ ದ್ವೀಪ ಪ್ರದೇಶ. ಅಧ್ಯಕ್ಷರ ಚುನಾವಣೆಯಲ್ಲಿ ಟಿವಿ ಜಾಹೀರಾತು ನೋಡಿ ಮನಸ್ಸು ಬದಲಿಸುವವರು ಕಡಿಮೆ.

ದುಡ್ಡಿನ ನಿಜವಾದ ಬಲ ಕಾಣುವುದು ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಗಳಲ್ಲಿ. ಅಲ್ಲಿ ವೋಟು ಹಾಕಲು ಬರುವವರೇ ಕಡಿಮೆ. ನ್ಯೂಯಾರ್ಕಿನಲ್ಲಿ 2018ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಕಾಸಿಯೊ-ಕಾರ್ಟೆಜ್ ಗೆದ್ದ ಪ್ರೈಮರಿಯಲ್ಲಿ 30 ಸಾವಿರ ವೋಟೂ ಬಿದ್ದಿರಲಿಲ್ಲ! ಅದೇ ರಾಜ್ಯದ ಇನ್ನೊಂದು ಕ್ಷೇತ್ರದಲ್ಲಿ 2024ರಲ್ಲಿ ಇಸ್ರೇಲನ್ನು ಟೀಕಿಸುತ್ತಿದ್ದ ಸದಸ್ಯ ಜಮಾಲ್ ಬೋಮನ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಲು ಇಸ್ರೇಲ್ ಪರ ಲಾಬಿ ಗುಂಪಾದ ಏಪ್ಯಾಕ್‌ನ ಸೂಪರ್ ಪ್ಯಾಕ್ (ಚುನಾವಣೆಗೆ ಮಿತಿಯಿಲ್ಲದೆ ಖರ್ಚು ಮಾಡಬಲ್ಲ ಸಂಸ್ಥೆ) 1.4 ಕೋಟಿ ಡಾಲರಿಗೂ ಜಾಸ್ತಿ ಖರ್ಚು ಮಾಡಿತು. ಅವರು ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಅಷ್ಟು ದುಡ್ಡು ತಮ್ಮ ಮೇಲೂ ತಿರುಗಬಹುದು ಅಂತ ಉಳಿದ ಸದಸ್ಯರಿಗೆ ಅನ್ನಿಸುತ್ತದೆ ಅಲ್ವಾ? ವೋಟು ಬೀಳುವ ಮೊದಲೇ ಬಾಯಿ ಕಟ್ಟಿಹೋಗುತ್ತದೆ. ಚುನಾವಣೆಗಳಲ್ಲಿ ಕಂಪನಿಗಳು ಸ್ವತಂತ್ರವಾಗಿ ಮಾಡುವ ಖರ್ಚಿನ ಮೇಲಿನ ಮಿತಿ ತೆಗೆದ, ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ಬಗ್ಗೆ ಇಷ್ಟೆಲ್ಲ ಬರೆದ ಲೇಖಕರು ಪ್ರೈಮರಿ ಬಗ್ಗೆ ಒಂದು ಮಾತೂ ಆಡದೇ ಇದ್ದದ್ದು ಬೇಸರ ತಂದಿತು.