ಅದು ಅವನ ಪುಸ್ತಕ ಅಲ್ವಾ?

ನಿನ್ನೆ ಸಂಜೆ ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ರದ್ದಿ ಅಂಗಡಿಯಲ್ಲಿದ್ದೆ. ಯಾಕೆ ಅಂದರೆ, ಹಳೇ 'ಡೆನ್ನಿಸ್ ದಿ ಮೆನೆಸ್' ಕಾಮಿಕ್ಸ್ ಪುಸ್ತಕಗಳ ಹುಡುಕಾಟ. ಒಬ್ಬರು ಸ್ಕೂಟರಿನಿಂದ ಚೀಲ ಇಳಿಸಿದರು. ಹಳೇ ಪೇಪರಿನ ಜೊತೆ ಮಕ್ಕಳ ಕಾಮಿಕ್ಸ್ ಟಿಂಕಲ್‌ನ ಕಟ್ಟು. ಜೊತೆಗೆ ಬಂದ ಹುಡುಗ, ಎಂಟೊಂಬತ್ತು ವರ್ಷ ಇರಬೇಕು, ಒಂದನ್ನು ಎಳೆದುಕೊಂಡು ನಿಂತಲ್ಲೇ ಓದತೊಡಗಿದ. "ಏ, ತೂಕಕ್ಕ ಹಾಕೋ ಅದನ್ನ" ಅಂದರು ಅಪ್ಪ. ಹುಡುಗ ಪುಟದೊಳಗೆ ಬೆರಳಿಟ್ಟುಕೊಂಡೇ ಪುಸ್ತಕ ಚಾಚಿದ. ಅಂಗಡಿಯವನು ಎಳೆದಾಗಲೇ ಬೆರಳು ಹೊರಗೆ ಬಂದದ್ದು.

ರಾತ್ರಿಯೆಲ್ಲಾ ಸಿಟ್ಟು ಇಳಿಯಲಿಲ್ಲ. ಅಲ್ರೀ, ಅದು ಅವನ ಪುಸ್ತಕ. ಅವನನ್ನು ಒಂದು ಮಾತು ಕೇಳಬಾರದಾ?

ನಾನು ಹುಡುಕುತ್ತಿರುವುದೂ ಇಂಥದ್ದೇ ಪುಸ್ತಕ. ಸ್ಪೈಡರ್‌ಮ್ಯಾನ್ ಕಾಮಿಕ್ಸ್ ತರುವ ಮಾರ್ವೆಲ್‌ನವರೇ 'ಡೆನ್ನಿಸ್ ದಿ ಮೆನೆಸ್' ತಂದಿದ್ದರು. 1981ರ ನವೆಂಬರ್‌ನಲ್ಲಿ ಶುರುವಾಗಿ 1982ರ ನವೆಂಬರ್‌ಗೆ ನಿಂತೇ ಹೋಯಿತು. ಒಟ್ಟು 13 ಸಂಚಿಕೆ. ಅಮೆರಿಕದ ಪೇಪರುಗಳಲ್ಲಿ ಡೆನ್ನಿಸ್ 1951ರಿಂದಲೇ ಇದ್ದ. ವ್ಯಂಗ್ಯಚಿತ್ರಕಾರ ಹ್ಯಾಂಕ್ ಕೆಚಮ್ ತನ್ನ ನಾಲ್ಕು ವರ್ಷದ ಮಗನ ತುಂಟಾಟ ನೋಡಿಯೇ ಅವನನ್ನು ಬರೆದದ್ದು, ಹೆಸರೂ ಮಗನದೇ. ಪಕ್ಕದ ಮನೆಯ ವಿಲ್ಸನ್ ಅಜ್ಜನ ಜೀವ ಹಿಂಡುವ ಆ ಹುಡುಗ ನಮ್ಮ ಓಣಿಗೂ ಹೊಸಬನಲ್ಲ.

ನನಗೆ ಇಲ್ಲಿತನಕ ಸಿಕ್ಕಿದ್ದು 6. ಒಂದರಲ್ಲಿ ಯಾವುದೋ ಮಗು ವಿಲ್ಸನ್ ಮೀಸೆಗೆ ನೀಲಿ ಬಾಲ್‌ಪೆನ್ನು ಬಳಿದಿದೆ, ಗೆರೆ ದಾಟಿ ಮೂಗಿನ ತನಕ. ಇದರ ಬೆಲೆ ಹೋಯಿತು ಅನ್ನುತ್ತಾರೆ ಸಂಗ್ರಹ ಮಾಡುವವರು. ನನಗೆ ಅದರ ಮೇಲೇ ಪ್ರೀತಿ ಜಾಸ್ತಿ.

ಮನೆ ಸಣ್ಣದು, ಎಲ್ಲಾ ಮೊಬೈಲ್‌ನಲ್ಲೇ ಸಿಗುತ್ತದೆ ಅನ್ನುವವರಿದ್ದಾರೆ. ಮೊಬೈಲ್‌ನಲ್ಲಿ ಮೀಸೆ ತಿದ್ದಿಟ್ಟು ನಲವತ್ತು ವರ್ಷದ ಮೇಲೆ ಇನ್ನೊಬ್ಬರ ಕೈಗೆ ಕೊಡೋಕಾಗುತ್ತಾ? ಒಂದು ಕಟ್ಟು ಪುಸ್ತಕಕ್ಕೆ ಮಂಚದ ಕೆಳಗೆ ಜಾಗ ಸಾಕು. ಮಾರಲೇಬೇಕಾ, ಮಾರಿ. ಹುಡುಗನನ್ನು ಕೇಳಿ ಮಾರಿ.

ಒಂದು ಹೇಳಿಬಿಡುತ್ತೇನೆ. ಧಾರವಾಡದಲ್ಲಿದ್ದಾಗ ತಮ್ಮನ ಒಂದು ಡೆನ್ನಿಸ್ ಪುಸ್ತಕ ನಾನೇ ರದ್ದಿಗೆ ಹಾಕಿ ಮಿರ್ಚಿ ತಿಂದಿದ್ದೆ. ಅವನು ಮೂರು ದಿನ ಹಾಸಿಗೆ ಕೊಡವಿ ಕೊಡವಿ ಹುಡುಕಿದ. ನಾನು ಬಾಯಿ ಬಿಡಲಿಲ್ಲ. ತಮ್ಮಾ, ಅದನ್ನು ಮಾರಿದ್ದು ನಾನೇ.

ನಿನ್ನೆಯ ಆ ಟಿಂಕಲ್ ಕಟ್ಟನ್ನು ಕೊಂಡು ತಂದಿದ್ದೇನೆ. ನನ್ನ ನಂಬರನ್ನು ಅಂಗಡಿಯಲ್ಲಿ ಬರೆಸಿ ಬಂದಿದ್ದೇನೆ. ಆ ತಂದೆ ನಿಮ್ಮ ಪರಿಚಯದವರಾಗಿದ್ದರೆ ದಯವಿಟ್ಟು ತಿಳಿಸಿ. ಹುಡುಗ ಬೆರಳಿಟ್ಟಿದ್ದ ಪುಸ್ತಕ ಮೇಲೇ ಇದೆ.