ಆರೈಕೆದಾರರಿಗೆ ತಿಂಗಳಿಗೆ 5,000 ರೂ.: ಹರಿದಾಡುತ್ತಿರುವ ಮೆಸೇಜ್ ಬಗ್ಗೆ ಸ್ಪಷ್ಟನೆ

"ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಎಲ್ಲರಿಗೂ ಸರ್ಕಾರದಿಂದ ತಿಂಗಳಿಗೆ 5,000 ರೂಪಾಯಿ, ಕೂಡಲೇ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ" ಎಂಬ ಮೆಸೇಜ್ ಹೊಸನಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದು ಸರಿಯಲ್ಲ.

2024-25ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದದ್ದು ಆರೈಕೆದಾರರಿಗೆ ತಿಂಗಳಿಗೆ 1,000 ರೂ. ಪ್ರೋತ್ಸಾಹಧನ. ಅದೂ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ (ಇವು ಮಿದುಳು, ನರ, ಸ್ನಾಯುಗಳ ತೊಂದರೆಗಳು) ಇದ್ದು ಸದಾ ಇನ್ನೊಬ್ಬರ ಆಸರೆ ಬೇಕಾದವರನ್ನು ನೋಡಿಕೊಳ್ಳುವವರಿಗೆ. ಲಕ್ವ ಹೊಡೆದವರು, ಸೊಂಟ ಮುರಿದವರು, ವಯಸ್ಸಾಗಿ ಏಳಲಾರದವರು ಆ ಪಟ್ಟಿಯಲ್ಲಿಲ್ಲ. ಇರಬೇಕಿತ್ತು ಅಂತ ನನಗೂ ಅನಿಸುತ್ತದೆ, ಅದು ಬೇರೆ ಮಾತು.

ಇಂಥ ಮನೆಗಳಿಗೆ ಹೋಗಿಬರುವ ಕೆಲಸ ನನ್ನದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುವ ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಮಳೆಯಲ್ಲೇ ಬೆಳಗಿನ ಬಸ್ಸು ಹಿಡಿದು, ಜೆರಾಕ್ಸ್ ಕಂತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಈ ಮೆಸೇಜ್ ನಂಬಿ ತಾಲ್ಲೂಕು ಕಚೇರಿಗೆ ಬಂದ ಸೊಸೆಯೊಬ್ಬರು ಬರಿಗೈಲಿ ವಾಪಸ್ ಹೋದರು. ಅವತ್ತಿನ ಕೂಲಿಯೂ ಹೋಯಿತು.

ಈ ಸೌಲಭ್ಯ ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಪೇಟೆಗೆ ಹೊರಡುವ ಮೊದಲು ನಿಮ್ಮ ಗ್ರಾಮ ಪಂಚಾಯ್ತಿಯ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಿಗೆ ಒಂದು ಫೋನ್ ಮಾಡಿ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದೆಯೋ ಇಲ್ಲವೋ ಹೇಳಿ. ಹಿರಿಯರ ವಿಷಯಕ್ಕೆ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ನಿದ್ದೆಯಿಲ್ಲದೆ ಮನಸ್ಸು ಕುಸಿದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್ 14416. ಎರಡೂ ಉಚಿತ.

ಆ ಮೆಸೇಜ್ ನಿಮಗೆ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.