ಬಾಡಿಗೆ ನನ್ನದು, ಮನೆ ಬೂಷ್ಟಿನದು

ಇವತ್ತು ಬೆಳಿಗ್ಗೆ ಬೀರು ತೆಗೆದೆ. ಇಂಟರ್‌ವ್ಯೂಗೆ ಅಂತ ಎತ್ತಿಟ್ಟಿದ್ದ ಕಪ್ಪು ಕೋಟಿಗೆ ಬಿಳಿ ಗಡ್ಡ ಬಂದಿದೆ! ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಕಟ್ಟುವುದು ನಾನು, ವಾಸ ಮಾಡುವುದು ಬೂಷ್ಟು. ಬೆಲ್ಟು, ಚಪ್ಪಲಿ, ಮಗಳ ಸ್ಕೂಲ್ ಬ್ಯಾಗು, ಯಾವುದನ್ನೂ ಬಿಟ್ಟಿಲ್ಲ. ಉಪ್ಪಿನ ಡಬ್ಬಿಯಲ್ಲಿ ಬರೀ ಉಪ್ಪುನೀರು.

ಕಿಟಕಿ ತೆಗೆದರೆ ಮಂಜು ಬಂದು ಸೋಫಾ ಮೇಲೆ ಕೂರುತ್ತದೆ. ಮುಚ್ಚಿದರೆ ನಮ್ಮ ಉಸಿರು, ಅನ್ನದ ಹಬೆ, ಹಾಲ್‌ನಲ್ಲಿ ನೇತುಹಾಕಿದ ಬಟ್ಟೆಯ ತೇವ (ನಾಲ್ಕು ದಿನವಾಯ್ತು, ಒಣಗಿಲ್ಲ) ಎಲ್ಲ ತಣ್ಣನೆ ಗೋಡೆಗೆ ತಾಗಿ ನೀರಾಗಿ ಇಳಿಯುತ್ತದೆ. ಮುಗ್ಗಲು ವಾಸನೆಗೆ ಮಗಳಿಗೆ ಸೀನು, ನನಗೆ ಕೆಮ್ಮು.

ಓನರ್ ಅಂಕಲ್‌ಗೆ ಹೇಳಿದರೆ, "ಕಕ್ಕಡ ಅಲ್ವಾ, ಇದೆಲ್ಲ ಇದ್ದದ್ದೇ" ಅಂತಾರೆ (ಕಕ್ಕಡ ಅಂದ್ರೆ ಕೊಡಗಿನಲ್ಲಿ ಜೋರು ಮಳೆಯ ತಿಂಗಳು). ಹಾಗಾದ್ರೆ ಮನೆ ಬಿಡುವಾಗ ಗೋಡೆ ಕಪ್ಪಾಗಿದೆ ಅಂತ ಅಡ್ವಾನ್ಸಿನಲ್ಲಿ ಪೇಂಟಿಂಗ್ ದುಡ್ಡು ಮುರಿಯುವುದು ಯಾಕೆ? ಮಳೆ ಸುರಿಸಿದ್ದು ನಾನಾ?